ನೆರವಿಗೆ ಬಂದ ದಂಡು

ಒಂದು ರಾಜ್ಯವು ಯುದ್ಧದಲ್ಲಿ ಸಿಕ್ಕಿಕೊಂಡಾಗ ಮತ್ತೊಂದು ರಾಜ್ಯವು ಅದಕ್ಕೆ ಹಣವನ್ನೋ ಧಾನ್ಯವನ್ನೋ ಮದ್ದುಗುಂಡುಗಳನ್ನೋ ಕಳಿಸಿಕೊಡುವ ಸುದ್ದಿಯನ್ನು ನೀವು ರೇಡಿಯೋ ವಾರ್ತೆಗಳಲ್ಲಿ ಮೇಲಿಂದ ಮೇಲೆ ಕೇಳುತ್ತೀರಿ. 2022ರಲ್ಲಿ ರಶಿಯವು ಯುಕ್ರೇನಿನ ಮೇಲೆ ಏರಿ ಬಂದ ನಂತರ ಅಮೆರಿಕದ ಶಾಸನಸಭೆಯು 2024ರ ಏಪ್ರಿಲ್ ತನಕ ಐದು ಸಲ ಹಣ ಮಂಜೂರು ಮಾಡಿತು. ಕೊಟ್ಟದ್ದು ಎಲ್ಲಿ ಹೋಯಿತೆಂದು ನೋಡಲು ತನಿಖಾಧಿಕಾರಿಗಳನ್ನೂ ನೇಮಿಸಿತು. 2024ರ ಜನವರಿಯಲ್ಲಿ ಆ ದೇಶದ ರಕ್ಷಣಾ ಇಲಾಖೆಯ ತನಿಖಾಧಿಕಾರಿ ಹೊರಡಿಸಿದ ವರದಿಯಲ್ಲಿ, ನೂರು ಕೋಟಿ ಡಾಲರಿಗೆ ಮಿಗಿಲಾದ ಬೆಲೆಯ ಆಯುಧಗಳ ಎಣಿಕೆಯು ನಿಯಮದಂತೆ ಕಾಲಕ್ಕೆ ಸರಿಯಾಗಿ ಆಗಿಲ್ಲವೆಂದು ಬರೆದಿತ್ತು. ಕಳುವಾಯಿತೆಂದಲ್ಲ, ಎಣಿಸಿಲ್ಲವೆಂದು. ನಮ್ಮ ದೇಶಕ್ಕೂ ಇದರ ಅನುಭವ ಉಂಟು. ಚೀನದ ಆಕ್ರಮಣವಾದಾಗ, 1962ರ ನವೆಂಬರ್ 14ರಂದು, ಅಮೆರಿಕದೊಡನೆ ನಾವು ಪತ್ರ ವಿನಿಮಯ ಮಾಡಿಕೊಂಡು ಆಯುಧಗಳನ್ನು ಪಡೆದೆವು. ಅವುಗಳ ಬಳಕೆಯನ್ನು ಅವರ ರಾಯಭಾರ ಕಚೇರಿಯವರು ನೋಡಿ ಪರಿಶೀಲಿಸಲು ಅನುಕೂಲ ಮಾಡಿಕೊಡುವೆವೆಂದು ಆ ಪತ್ರದಲ್ಲಿಯೇ ಒಪ್ಪಿದ್ದೆವು.

ಕೊಟ್ಟವನು ಲೆಕ್ಕ ಕೇಳುವುದು ಸಹಜ. ಆದರೆ ಕೇಳುವ ಹಕ್ಕು ಎಲ್ಲಿಗೆ ನಿಲ್ಲುತ್ತದೆ? ಪಡೆದವನ ಮನೆಯ ಹೊಸ್ತಿಲಲ್ಲೋ, ಪಡಸಾಲೆಯಲ್ಲೋ, ಅಡಿಗೆಮನೆಯಲ್ಲೋ? ಈ ಪ್ರಶ್ನೆಯು ದೂರದ ರಾಜಧಾನಿಗಳದೆಂದು ತಿಳಿಯಬೇಡಿರಿ. ಎರಡು ಶತಮಾನಗಳ ಹಿಂದೆ ಇದು ಲಕ್ಷ್ಮೇಶ್ವರದ ಅಗಸೆಯ ಮುಂದೆ, ಶಿರಹಟ್ಟಿಯ ಕೋಟೆಯ ಬುಡದಲ್ಲಿ, ಈಗ ಮುಂಡರಗಿ ತಾಲೂಕಿಗೆ ಸೇರಿರುವ ಡಂಬಳದ ಗೋಡೆಗಳ ಮೇಲೆ, ಗದಗದ ಬಯಲಿನಲ್ಲಿ ಬಂದು ನಿಂತಿತ್ತು. ಆಗ ಕಳಿಸಿದ್ದು ಕಾಳು ಕಡಿಯಲ್ಲ, ದಂಡನ್ನೇ. ಕೊಟ್ಟವರು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರು. ಪಡೆದವರು ಪುಣೆಯ ಪೇಶವೆಯ ಸರಕಾರದವರು.

ಮೊದಲು ಕೊಟ್ಟವರ ಮನೆಯ ಸಂಗತಿಯನ್ನು ನೋಡೋಣ. ಕಂಪನಿಯು ತನ್ನ ಸಿಪಾಯಿಗಳನ್ನು ದೇಶೀ ಅರಸರಿಗೆ ಬಾಡಿಗೆಗೆ ಕೊಡುವ ರೂಢಿಯನ್ನು ಬಹಳ ಮೊದಲೇ ಹಾಕಿಕೊಂಡಿತ್ತು. 1774ರಲ್ಲಿ ವಾರನ್ ಹೇಸ್ಟಿಂಗ್ಸನು ಅವಧದ ನವಾಬ ಶುಜಾ ಉದ್ದೌಲನಿಗೆ 40 ಲಕ್ಷ ರೂಪಾಯಿಗಳ ಕರಾರಿನ ಮೇಲೆ ದಂಡನ್ನು ಒದಗಿಸಿದನು. ನವಾಬನು ಅದರ ಬಲದಿಂದ ರೋಹಿಲರ ನಾಡನ್ನು ನುಂಗಿದನು. ಬ್ರಿಟಿಷ್ ಸಿಪಾಯಿಯನ್ನು ಪರರ ಜಗಳಕ್ಕೆ ಮಾರುವುದೇ ಎಂದು ಲಂಡನ್ನಿನಲ್ಲಿ ಗದ್ದಲವೆದ್ದಿತು. 1786ರಲ್ಲಿ ಬರ್ಕನು ಹೇಸ್ಟಿಂಗ್ಸನ ಮೇಲೆ ತಂದ ಆರೋಪಗಳಲ್ಲಿ ಇದೇ ಮೊದಲನೆಯದು. ಕಾಮನ್ಸ್ ಸಭೆ ಅದನ್ನು ಒಪ್ಪಲಿಲ್ಲವೆಂಬುದು ಬೇರೆ ಮಾತು. ಅಷ್ಟರಲ್ಲಿ, 1784ರಲ್ಲಿ, ಪಿಟ್ಟನ ಕಾಯಿದೆಯು ಬಂದು ಕಂಪನಿಯ ಮೇಲೆ ನಿಯಂತ್ರಣ ಮಂಡಲಿಯೊಂದನ್ನು ಕೂರಿಸಿತು. ಭರತಖಂಡದಲ್ಲಿ ರಾಜ್ಯ ಗೆಲ್ಲುವ ಹಂಚಿಕೆಗಳು ಬ್ರಿಟಿಷ್ ಜನಾಂಗದ ಇಚ್ಛೆಗೂ ಮಾನಕ್ಕೂ ವಿರುದ್ಧವೆಂದು ಆ ಕಾಯಿದೆಯು ಸಾರಿತು; ಮೇಲಿನವರ ಅಪ್ಪಣೆಯಿಲ್ಲದೆ ಗವರ್ನರ್ ಜನರಲನು ಯುದ್ಧ ಹೂಡಬಾರದೆಂದು ಕಟ್ಟು ಹಾಕಿತು. ಕಾಗದದ ಮೇಲೆ ಇದಕ್ಕಿಂತ ಬಿಗಿಯಾದ ಉಸ್ತುವಾರಿ ಬೇಕಿಲ್ಲ. ಆದರೆ ಕಲಕತ್ತೆಯಿಂದ ಲಂಡನ್ನಿಗೆ ಹಡಗು ಹೋಗಲು ಐದಾರು ತಿಂಗಳು, ಉತ್ತರ ಬರಲು ಮತ್ತೆ ಅಷ್ಟೇ ಕಾಲ. ಒಲೆಯ ಮೇಲಿನ ಹಾಲು ಉಕ್ಕಿ ಹೋದ ವರ್ಷದ ಮೇಲೆ ಉರಿ ಸಣ್ಣ ಮಾಡೆಂದು ಹೇಳಿ ಕಳಿಸಿದ ಹಾಗೆ!

ನಮ್ಮ ಸೀಮೆಗೆ ಈ ನೆರವು ಮೊದಲು ಕಾಲಿಟ್ಟದ್ದು 1790ರಲ್ಲಿ. ಟೀಪು ಸುಲ್ತಾನನ ಮೇಲೆ ಮೂರನೆಯ ಮೈಸೂರು ಯುದ್ಧ ಆರಂಭವಾಗಿತ್ತು. ಆ ವರ್ಷದ ಜೂನ್ 1ರಂದು ಪುಣೆಯಲ್ಲಿ ರೆಸಿಡೆಂಟ ಮ್ಯಾಲೆಟ್ ಸಾಹೇಬನು ಪೇಶವೆಯ ಸರಕಾರದೊಡನೆ ಒಪ್ಪಂದ ಮಾಡಿಕೊಂಡನು. ಗೆದ್ದ ನಾಡನ್ನು ಸಮನಾಗಿ ಹಂಚಿಕೊಳ್ಳುವುದೆಂದು ಮಾತಾಯಿತು. ಮುಂಬಯಿ ಸರಕಾರವು ಕ್ಯಾಪ್ಟನ್ ಲಿಟ್ಲನ ಕೈಕೆಳಗೆ ಎರಡು ದೇಶೀ ಪಲ್ಟನುಗಳನ್ನೂ ಕೆಲವು ಸಣ್ಣ ತೋಪುಗಳನ್ನೂ ಮರಾಠರ ನೆರವಿಗೆ ಕಳಿಸಿತು. ಪರಶುರಾಮ ಭಾವೂ ಪಟವರ್ಧನನ ದಂಡಿನೊಡನೆ ಅವರು ಸೆಪ್ಟೆಂಬರದಲ್ಲಿ ಧಾರವಾಡದ ಕೋಟೆಯ ಮುಂದೆ ಬಂದಿಳಿದರು. ಒಳಗೆ ಟೀಪುವಿನ ಸರದಾರ ಬದ್ರುಜ್ಜಮಾನ್ ಖಾನನಿದ್ದನು, ಗಟ್ಟಿ ಮನುಷ್ಯ.

ನೆರವು ಬಂದರೂ ಕೆಲಸ ಸಾಗಲಿಲ್ಲ. ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ಮರಾಠರೇ ಒದಗಿಸುವರೆಂದು ಇಂಗ್ಲಿಷರ ಎಣಿಕೆ; ಆ ತೋಪುಗಳೋ ಹಳೆಯವು, ಮದ್ದು ಸಾಲದು. ಆ ತುಕಡಿಯಲ್ಲಿ ಲೆಫ್ಟೆನೆಂಟನಾಗಿದ್ದ ಎಡ್ವರ್ಡ್ ಮೂರ್ ಎಂಬವನು 1794ರಲ್ಲಿ ಇದೆಲ್ಲವನ್ನೂ ಗ್ರಂಥವಾಗಿ ಬರೆದನು. ಮರಾಠಾ ಗೋಲಂದಾಜರು ಒಂದು ಗುಂಡು ಹಾರಿಸಿ, ಅರ್ಧ ತಾಸು ಕುಳಿತು ಹರಟೆ ಹೊಡೆದು ಹುಕ್ಕಾ ಸೇದಿ, ಮತ್ತೆ ಎದ್ದು ಇನ್ನೊಂದು ಗುಂಡು ಹಾರಿಸುವರೆಂದೂ ನಡು ಮಧ್ಯಾಹ್ನ ಎರಡೂ ಕಡೆಯವರು ವಿಶ್ರಾಂತಿಗೆ ನಿಲ್ಲಿಸುವರೆಂದೂ ಅವನು ನಗೆಯಾಡಿದ್ದಾನೆ. ಮೂರನ ಮಾತನ್ನು ಸೋಸಿ ಕುಡಿಯಬೇಕು. ನೆರವು ಕೊಟ್ಟವನ ಕಣ್ಣಿಗೆ ಪಡೆದವನು ಸೋಮಾರಿಯಾಗಿಯೇ ಕಾಣುತ್ತಾನೆ. ಖರ್ಚಿಗೆ ಹಣವಿಲ್ಲದ ಭಾವೂನ ಕಷ್ಟ ಮೂರನಿಗೆ ತಿಳಿಯದು. ಪಟವರ್ಧನರ ಮನೆತನದ ಕಾಗದಪತ್ರಗಳನ್ನು ಮಿರಜಿನ ವಾಸುದೇವಶಾಸ್ತ್ರಿ ಖರೆಯವರು ಮುಂದೆ ಪ್ರಕಟಿಸಿದರು. ಲೆಕ್ಕ ಬರೆದಿಡುವ ಅಭ್ಯಾಸವು ಈಚೆಯ ದಡದಲ್ಲಿಯೂ ಇತ್ತೆಂಬುದಕ್ಕೆ ಅವು ಸಾಕ್ಷಿ. ಡಿಸೆಂಬರದ ಕೊನೆಗೆ ಕರ್ನಲ್ ಫ್ರೆಡರಿಕ್ಕನು ಗೋರಾ ಸಿಪಾಯಿಗಳೊಡನೆ ಬಂದನು. 1791ರ ಫೆಬ್ರುವರಿ 7ರಂದು ಅವನು ಮಾಡಿದ ಲಗ್ಗೆ ಮುರಿಯಿತು. ಮಾರ್ಚಿಯಲ್ಲಿ ಅವನು ತೀರಿಕೊಂಡನು. 29 ವಾರಗಳ ಮುತ್ತಿಗೆಯಾದ ಮೇಲೆ, ಏಪ್ರಿಲ ಆರಂಭದಲ್ಲಿ, ಕೋಟೆ ಕೈಸೇರಿತು.

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅದೇ ಮೇ ತಿಂಗಳಲ್ಲಿ ಕಾರ್ನವಾಲಿಸನು ಶ್ರೀರಂಗಪಟ್ಟಣದ ಬಾಗಿಲಿಗೆ ಹೋಗಿ, ಅನ್ನವಿಲ್ಲದೆ ಎತ್ತುಗಳು ಸತ್ತು, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗುತ್ತಿದ್ದನು. ಮೇಲುಕೋಟೆಯ ಹತ್ತಿರ ಎದುರಿಗೆ ಕುದುರೆ ದಂಡು ಕಾಣಿಸಿತು. ಶತ್ರುವೆಂದು ಬೆದರಿ ನೋಡಿದರೆ ಮರಾಠರು! ಅವರ ಬಜಾರಿನಲ್ಲಿ ಇಲ್ಲದ ಪದಾರ್ಥವಿಲ್ಲ. ಬೆಲೆ ಮಾತ್ರ ಹಸಿದವನ ಮುಖ ನೋಡಿ ಹೇಳುವ ಬೆಲೆ. ಹೀಗೆ ನೆರವು ಪಡೆಯುವವರು ಯಾರು, ಕೊಡುವವರು ಯಾರು ಎಂಬುದು ಒಂದೇ ಯುದ್ಧದಲ್ಲಿ ತಿರುವು ಮುರುವಾಯಿತು. ಆ ಕಾಲದಲ್ಲಿ ಮರಾಠರು ಇಂಗ್ಲಿಷರ ಸಮಾನರು. ತಮಗೆ ಬೇಡವೆನಿಸಿದಾಗ ನೆರವಿನ ದಂಡನ್ನು ಮರಳಿ ಕಳಿಸುವ ಶಕ್ತಿ ಅವರಿಗಿತ್ತು. ಯುದ್ಧ ಮುಗಿಯುತ್ತಲೆ ಲಿಟ್ಲನ ತುಕಡಿಯು ಮುಂಬಯಿಗೆ ಮರಳಿತು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿರಿ.

ಈಗ ಗದಗ ಸೀಮೆಯ ನಿಜವಾದ ಕಥೆಗೆ ಬರೋಣ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನು ಹೈದರನ ಕುದುರೆ ಸವಾರನಾಗಿದ್ದು, ಮುಂದೆ ತನ್ನದೇ ಗುಂಪು ಕಟ್ಟಿ, ಟೀಪುವಿನ ಕೈಗೆ ಸಿಕ್ಕು ಸೆರೆಯಲ್ಲಿದ್ದವನು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನು ಹೊರಬಿದ್ದನು. ಕೆಲಸ ಕಳೆದುಕೊಂಡ ಟೀಪುವಿನ ಸಿಪಾಯಿಗಳು, ಪಾಳೆಯ ಹೋದ ಪಾಳೆಯಗಾರರು, ಹೊಟ್ಟೆಗಿಲ್ಲದ ಸವಾರರು ಅವನ ಸುತ್ತ ಕೂಡಿದರು. ‘ಉಭಯ ಲೋಕಾಧೀಶ್ವರ’ ಎಂದು ಬಿರುದು ಹೊತ್ತುಕೊಂಡನು. ಅವನನ್ನು ಇಂಗ್ಲಿಷರು ದರೋಡೆಗಾರನೆಂದು ಕರೆದರು. ಈಚಿನ ಕೆಲವರು ಸ್ವಾತಂತ್ರ್ಯವೀರನೆನ್ನುತ್ತಾರೆ. ಸುಲಿಗೆಗೆ ಸಿಕ್ಕ ಹಳ್ಳಿಯ ಒಕ್ಕಲಿಗನಿಗೆ ಈ ಎರಡು ಹೆಸರುಗಳ ಅಂತರವು ಅಷ್ಟಾಗಿ ತಿಳಿದಿರಲಾರದು. ಆದರೆ ಆರು ತಿಂಗಳಲ್ಲಿ ಸಾವಿರಾರು ಕುದುರೆಗಳನ್ನು ಕೂಡಿಸಿದವನು ಬರಿಯ ಕಳ್ಳನೂ ಆಗಿರಲಾರ.

1799ರ ಆಗಸ್ಟಿನಲ್ಲಿ ಕಂಪನಿಯ ದಂಡು ಅವನನ್ನು ಅಟ್ಟಿದಾಗ ಅವನು ಮರಾಠರ ಸೀಮೆಯೊಳಗೆ ನುಗ್ಗಿಬಿಟ್ಟನು. ಅಲ್ಲಿ ಗಡಿ. ದಾಟಲು ಕಂಪನಿಗೆ ಅಪ್ಪಣೆಯಿರಲಿಲ್ಲ, ದಾಟಲಿಲ್ಲ. 1800ರ ಬೇಸಿಗೆಗೆ ಧೋಂಡಿಯಾ ಮತ್ತೆ ಬಲಿತನು. ಸವಣೂರು, ಲಕ್ಷ್ಮೇಶ್ವರ, ಗದಗ, ಡಂಬಳಗಳ ಸೀಮೆಯೆಲ್ಲ ಅವನ ಕುದುರೆಯ ಕಾಲಿಗೆ ಸಿಕ್ಕಿತು. ಈ ಭಾಗವನ್ನು ಕಾಯಬೇಕಾದವರು ಪೇಶವೆಯ ಸರದಾರ ಧೋಂಡೋಪಂತ ಗೋಖಲೆ ಮತ್ತು ಪಟವರ್ಧನ ಮನೆತನದವರು. ಪುಣೆಯಲ್ಲಿ ಇಮ್ಮಡಿ ಬಾಜೀರಾಯನು ಸಿಂದೆಯ ಹಿಡಿತದಲ್ಲಿ ಸಿಕ್ಕು, ಪಟವರ್ಧನರನ್ನು ಶತ್ರುಗಳಂತೆ ಕಾಣುತ್ತಿದ್ದನು. ಮನೆಯೊಳಗಿನ ವೈರವೇ ಹೀಗಿರುವಾಗ ಗಡಿಯನ್ನು ಯಾರು ಕಾಯಬೇಕು?

ಕಲಕತ್ತೆಯಲ್ಲಿ ಆಗ ಲಾರ್ಡ್ ವೆಲ್ಲೆಸ್ಲಿಯ ಆಡಳಿತ. ಶ್ರೀರಂಗಪಟ್ಟಣದಲ್ಲಿ ದಂಡಿನ ಮುಖ್ಯನು ಅವನ ತಮ್ಮ, ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಇವನೇ ಮುಂದೆ 1815ರಲ್ಲಿ ವಾಟರ್‌ಲೂದಲ್ಲಿ ನೆಪೋಲಿಯನನನ್ನು ಗೆದ್ದ ವೆಲ್ಲಿಂಗ್ಟನ್. ಧೋಂಡಿಯಾ ಎಲ್ಲಿ ಸಿಕ್ಕರೂ ಬೆನ್ನಟ್ಟಿ, ಸಿಕ್ಕಿದ ಕೂಡಲೆ ಹತ್ತಿರದ ಮರಕ್ಕೆ ನೇಣು ಹಾಕಬೇಕೆಂದು ಮೇ ತಿಂಗಳಲ್ಲಿ ಮದರಾಸಿನಿಂದ ಕರ್ನಲನಿಗೆ ಆಜ್ಞೆ ಬಂದಿತು. ಇತ್ತ ಪುಣೆಯಲ್ಲಿ ರೆಸಿಡೆಂಟ ಪಾಮರನು ಪೇಶವೆಯ ಒಪ್ಪಿಗೆಗಾಗಿ ಮಾತು ನಡೆಸಿದನು. ಪೇಶವೆಯು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದನು. ಒಪ್ಪದಿದ್ದರೂ ಗಡಿ ದಾಟಲು ಕಲಕತ್ತೆಯಲ್ಲಿ ಮೊದಲೇ ನಿಶ್ಚಯವಾಗಿತ್ತು. ಇಲ್ಲಿ ನೀವು ಒಂದು ಕ್ಷಣ ನಿಂತು ಯೋಚಿಸಿರಿ. ಬೇಡವೆನ್ನಲು ಬಾರದವನು ಬೇಕೆಂದು ಹೇಳಿದ ಮಾತಿಗೆ ಬೆಲೆ ಎಷ್ಟು?

ಮುಂಗಾರು ಹಿಡಿಯುವ ಹೊತ್ತಿಗೆ ವೆಲ್ಲೆಸ್ಲಿಯು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ಮಳೆಗಾಲದಲ್ಲಿ ದಂಡು ಕದಲಬಾರದೆಂಬುದು ಎಲ್ಲರ ನಂಬಿಕೆ. ಅವನ ಲೆಕ್ಕ ಬೇರೆ. ತುಂಗಭದ್ರೆ, ವರದೆ, ಮಲಪ್ರಭೆ, ಘಟಪ್ರಭೆಗಳು ತುಂಬಿ ಹರಿದರೆ ಹರಿಗೋಲು ಇದ್ದವನು ದಾಟುತ್ತಾನೆ, ಇಲ್ಲದವನು ಸಿಕ್ಕಿಬೀಳುತ್ತಾನೆ. ಧೋಂಡಿಯಾನ ಕುದುರೆಗಳಿಗೆ ನದಿಗಳೇ ಬೇಲಿಯಾಗುತ್ತವೆ. ಜೂನ್ 27ರಂದು ರಾಣೇಬೆನ್ನೂರು ಅವನ ಕೈಗೆ ಬಂದಿತು. ಜೂನ್ 30ರಂದು ಕಿತ್ತೂರಿನ ಹತ್ತಿರ ಧೋಂಡಿಯಾನು ಧೋಂಡೋಪಂತ ಗೋಖಲೆಯ ಮೇಲೆ ಬಿದ್ದು ಅವನನ್ನು ಕೊಂದನು. ಗೋಖಲೆಯ ರಕ್ತದಲ್ಲಿ ಮೀಸೆ ಅದ್ದುವೆನೆಂದು ಅವನು ಹರಕೆ ಹೊತ್ತಿದ್ದನಂತೆ. ಅದನ್ನು ತೀರಿಸಿಕೊಂಡನೆಂದು ಹೇಳುತ್ತಾರೆ. ಗೋಖಲೆಯ ಅಣ್ಣನ ಮಗ ಬಾಪೂ ಗೋಖಲೆಯೂ ಚಿಂತಾಮಣರಾವ್ ಪಟವರ್ಧನನೂ ಉಳಿದ ಕುದುರೆಗಳೊಡನೆ ವೆಲ್ಲೆಸ್ಲಿಯನ್ನು ಬಂದು ಕೂಡಿದರು. ಸ್ವಂತ ನಾಡಿನ ಸರದಾರರು, ಸ್ವಂತ ನಾಡಿನಲ್ಲಿ, ಪರರ ಸೇನಾಪತಿಯ ಬೆನ್ನ ಹಿಂದೆ!

ಜುಲೈ ನಡುವಿನಲ್ಲಿ ಕುಂದಗೋಳ ಲಗ್ಗೆಗೆ ಬಿದ್ದಿತು. ಅಲ್ಲಿಂದ ದಂಡು ಲಕ್ಷ್ಮೇಶ್ವರಕ್ಕೆ ನಡೆಯಿತು. ಅಲ್ಲಿದ್ದ ಧೋಂಡಿಯಾನ ಜನರು ಊರು ಬಿಟ್ಟು ಹೋಗಿದ್ದರು. ಅವನ ಪಕ್ಷದವರು ಶಿರಹಟ್ಟಿಗೆ ಹಾಕಿದ್ದ ಮುತ್ತಿಗೆಯು ತೆರವಾಯಿತು. ನಡುವೆ ಧಾನ್ಯಕ್ಕಾಗಿ ಸವಣೂರಿಗೆ ಹಿಂದೆಗೆದು, ಮತ್ತೆ ಮುಂದುವರಿದು ಜುಲೈ 26ರಂದು ಡಂಬಳದ ಮುಂದೆ ನಿಂತಿತು. ಡಂಬಳವನ್ನು ನೀವು ನೋಡಿರಬಹುದು: ದೊಡ್ಡ ಬಸಪ್ಪನ ಗುಡಿಯ ನಕ್ಷತ್ರಾಕಾರದ ತಳವನ್ನೂ ವಿಶಾಲವಾದ ಕೆರೆಯನ್ನೂ ನೋಡಲು ಜನ ಹೋಗುತ್ತಾರೆ. ಆ ದಿನ ಅಲ್ಲಿ ನಡೆದದ್ದು ಏಣಿ ಹಾಕಿ ಗೋಡೆ ಏರುವ ಕೆಲಸ. ಒಂದೇ ದಿನದಲ್ಲಿ ಕೋಟೆ ಬಿದ್ದಿತು. ಮಾರನೆಯ ದಿನ ಗದಗಕ್ಕೆ ಹೋದರೆ ಕೋಟೆ ಬರಿದು. ಡಂಬಳದ ಸುದ್ದಿ ಕಾಲ್ನಡೆಯ ಸಿಪಾಯಿಗಿಂತ ಮುಂದೆ ಓಡಿತ್ತು. ಜುಲೈ 30ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯ ಬಳಿ ವೆಲ್ಲೆಸ್ಲಿಯು ಧೋಂಡಿಯಾನ ಪಾಳೆಯದ ಮೇಲೆ ಬಿದ್ದನು. ತುಂಬಿದ ಹೊಳೆಗೆ ಹಾರಿ ಅನೇಕರು ಸತ್ತರು. ಕೊನೆಗೆ ಸೆಪ್ಟೆಂಬರ್ 10ರಂದು, ನಿಜಾಮನ ಸೀಮೆಯಲ್ಲಿ, ಕುದುರೆ ಕಾಳಗದಲ್ಲಿ ಧೋಂಡಿಯಾ ಮಡಿದನು. ಸಾಮಾನುಗಳ ನಡುವೆ ಸಲಾಬತ್ ಖಾನನೆಂಬ ಅವನ ಎಳೆಯ ಮಗ ಸಿಕ್ಕಿದನು. ವೆಲ್ಲೆಸ್ಲಿ ಆ ಮಗುವನ್ನು ತಾನೇ ಸಾಕಿಸಿ, ಸ್ವದೇಶಕ್ಕೆ ಹೋಗುವಾಗ ಅವನ ಹೆಸರಿನಲ್ಲಿ ಹಣವಿಟ್ಟು ಹೋದನು. ಒಬ್ಬನು ಬಂದು, ತಾನು ಧೋಂಡಿಯಾನನ್ನು ಗುಟ್ಟಾಗಿ ಕೊಂದು ಬರುವೆನೆಂದಾಗಲೂ ಅವನು ಒಪ್ಪಿರಲಿಲ್ಲ. ಇದ್ದ ಒಳ್ಳೆಯದನ್ನು ಇದೆಯೆಂದು ಹೇಳಬೇಕು.

ಈ ದಂಡಯಾತ್ರೆಯ ಉಸ್ತುವಾರಿ ಹೇಗಿತ್ತು? ಊರೊಳಗೆ ಬಂದ ಸಿಪಾಯಿಯ ಮೇಲೆ ಸೇನಾಪತಿಯ ನಿಗಾ ಬಿಗಿಯಾಗಿತ್ತು. ಲೂಟಿಗೆ ಕಠಿಣ ಶಿಕ್ಷೆ, ಧಾನ್ಯಕ್ಕೆ ಹಣ. ಇದು ಬರಿಯ ಧರ್ಮಬುದ್ಧಿಯಲ್ಲ, ಯುದ್ಧಬುದ್ಧಿಯೂ ಹೌದು. ದಂಡಿಗೆ ಅನ್ನ ಹಾಕುತ್ತಿದ್ದವರು ಲಂಬಾಣಿ ಜನ, ಆಗಿನ ಮಾತಿನಲ್ಲಿ ಬಿಂಜಾರಿಗಳು. ಸಾವಿರಾರು ಎತ್ತುಗಳ ಮೇಲೆ ಕಾಳು ಹೇರಿಕೊಂಡು ದಂಡಿನ ಹಿಂದೆ ಅವರ ತಾಂಡೆ ನಡೆಯುತ್ತಿತ್ತು. ಹಳ್ಳಿ ಸುಟ್ಟರೆ ಕಾಳಿಲ್ಲ, ಕಾಳಿಲ್ಲದಿದ್ದರೆ ತಾಂಡೆ ಬಾರದು. ಶಿರಹಟ್ಟಿ, ಮುಂಡರಗಿಗಳ ಸುತ್ತ ಇಂದೂ ಕಾಣುವ ತಾಂಡೆಗಳ ಹಿರಿಯರ ಕಸುಬು ಇದೇ. ಯುದ್ಧಗಳ ಇತಿಹಾಸದಲ್ಲಿ ಅವರ ಹೆಸರು ಬರುವುದು ಅಪರೂಪ. ಆದರೆ ಅವರ ಎತ್ತು ನಿಂತಲ್ಲಿ ಎಂಥ ಸೇನಾಪತಿಯ ಕುದುರೆಯೂ ನಿಲ್ಲಲೇಬೇಕಾಗಿತ್ತು.

ಸಿಪಾಯಿಯ ಮೇಲೆ ಸೇನಾಪತಿಯ ಕಣ್ಣು. ಸೇನಾಪತಿಯ ಮೇಲೆ ಯಾರದು? ಮದರಾಸು, ಕಲಕತ್ತೆಗಳಿಗೆ ಅವನು ಎಡೆಬಿಡದೆ ಪತ್ರ ಬರೆಯುತ್ತಿದ್ದನು. ಆದರೆ ಕಲಕತ್ತೆಯ ಗದ್ದುಗೆಯಲ್ಲಿ ಕುಳಿತವನು ಒಡಹುಟ್ಟಿದ ಅಣ್ಣ. ಲಂಡನ್ನಿನ ನಿಯಂತ್ರಣ ಮಂಡಲಿಗೆ ಸುದ್ದಿ ಮುಟ್ಟುವ ಮೊದಲೇ ಧೋಂಡಿಯಾನ ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು. ಪುಣೆಯ ಸರಕಾರವಂತೂ ತನ್ನ ನೆಲದಲ್ಲಿ ನಡೆದ ಕಾರ್ಯದ ಲೆಕ್ಕ ಕೇಳುವ ಸ್ಥಿತಿಯಲ್ಲಿಯೇ ಇರಲಿಲ್ಲ.

ಆದರೂ ಆ ದಂಡಯಾತ್ರೆಯ ನಡುವೆಯೇ, 1800ರ ಆಗಸ್ಟ್ 20ರಂದು, ವೆಲ್ಲೆಸ್ಲಿ ತನ್ನ ಗೆಳೆಯನೊಬ್ಬನಿಗೆ ಬರೆದ ಪತ್ರವು ಓದುವವರನ್ನು ಬೆರಗುಗೊಳಿಸುತ್ತದೆ. ನಮ್ಮ ಶಕ್ತಿ ಮೀರಿ ನಾವು ಹಬ್ಬಿಕೊಂಡಿದ್ದೇವೆ. ಮರಾಠರ ನೆಲವನ್ನು ತೆಗೆದುಕೊಂಡಷ್ಟೂ ಅಲ್ಲಿ ಕಂದಾಯ ನೋಡುತ್ತಿದ್ದವರು, ದಂಡಿನಲ್ಲಿ ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡು ನಮಗೇ ಶತ್ರುಗಳಾಗುತ್ತಾರೆ ಎಂಬುದು ಅದರ ತಾತ್ಪರ್ಯ. ಧೋಂಡಿಯಾನಂಥವರು ಎಲ್ಲಿಂದ ಹುಟ್ಟುತ್ತಾರೆಂಬುದು ಅವನಿಗೆ ತಿಳಿದಿತ್ತು. ಆ ಗೆಳೆಯನೆಂದರೆ ಆಗ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ. ಇವನ ಹೆಸರನ್ನೂ ನೆನಪಿನಲ್ಲಿಡಿರಿ.

ಮುಂದಿನ ಎರಡು ವರ್ಷಗಳ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 1802ರ ಅಕ್ಟೋಬರದಲ್ಲಿ ಹೋಳಕರನು ಪುಣೆಯ ಬಾಗಿಲಿನಲ್ಲಿ ಪೇಶವೆಯನ್ನು ಸೋಲಿಸಿದನು. ಓಡಿಹೋದ ಪೇಶವೆ ಡಿಸೆಂಬರ್ 31ರಂದು ವಸಯಿಯಲ್ಲಿ ಇಂಗ್ಲಿಷರ ಒಪ್ಪಂದಕ್ಕೆ ರುಜು ಹಾಕಿದನು. ಇನ್ನು ನೆರವಿನ ದಂಡು ಯುದ್ಧ ಮುಗಿದ ಮೇಲೆ ಮರಳಿ ಹೋಗುವುದಲ್ಲ. ಆರು ಪಲ್ಟನುಗಳು ಪೇಶವೆಯ ನಾಡಿನಲ್ಲಿ ಕಾಯಮ್ಮಾಗಿ ನೆಲಸುವುವು. ಅದರ ಖರ್ಚಿಗೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆ. ಕಂಪನಿಗೆ ತಿಳಿಸದೆ ಪೇಶವೆಯು ಬೇರೆ ಯಾವ ರಾಜ್ಯದೊಡನೆಯೂ ಮಾತನಾಡಕೂಡದು. ಸವಣೂರು, ಬಂಕಾಪುರ ಪ್ರಾಂತಗಳನ್ನು ಈ ಲೆಕ್ಕದಲ್ಲಿ ಬರೆದುಕೊಟ್ಟು, ಮುಂದಿನ ವರ್ಷ ಬುಂದೇಲಖಂಡದ ಬದಲಿಗೆ ಮರಳಿ ಪಡೆದರು. ಪುಣೆಯಲ್ಲಿ ಕುಳಿತು ಯಾರೋ ಎರಡು ಗೆರೆ ಎಳೆದರೆ ನಮ್ಮ ಹಳ್ಳಿಗಳು ಇತ್ತಿಂದತ್ತ ಅತ್ತಿಂದಿತ್ತ ಹೋಗುತ್ತಿದ್ದವು!

ಪಕ್ಕದ ರಾಜ್ಯಗಳಲ್ಲೂ ಇದೇ ಹಂಚಿಕೆ. ನಿಜಾಮನು 1800ರ ಅಕ್ಟೋಬರದಲ್ಲಿ ನೆರವಿನ ದಂಡಿನ ಖರ್ಚಿಗೆಂದು ಬಳ್ಳಾರಿ, ಕಡಪೆಗಳ ಸೀಮೆಯನ್ನೇ ಕೊಟ್ಟನು. ಮೈಸೂರಿನ ಒಡೆಯರು 1799ರ ಕರಾರಿನಂತೆ ವರ್ಷಕ್ಕೆ ಏಳು ಲಕ್ಷ ವರಹ ತೆರಬೇಕಾಗಿತ್ತು. ಹಣ ಬಾರದಿರುವ ಭಯವಿದ್ದರೆ ಆಡಳಿತವನ್ನೇ ತೆಗೆದುಕೊಳ್ಳಬಹುದೆಂದು ಅದೇ ಕರಾರಿನಲ್ಲಿ ಒಂದು ಕಲಮು ಇತ್ತು. ಅದು 32 ವರ್ಷ ಮಲಗಿದ್ದು 1831ರಲ್ಲಿ ಎದ್ದಿತು. ಮೈಸೂರು ಅರಸರಿಗೆ ರಾಜ್ಯ ಮರಳಿ ಬರಲು 1881 ಆಗಬೇಕಾಯಿತು. ಉಸ್ತುವಾರಿಯ ಕಲಮು ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿಯೇ ಇರುತ್ತದೆ.

ಲಂಡನ್ನಿನ ಲೆಕ್ಕ ಕೇಳಿಕೆ ಬರಲೇ ಇಲ್ಲವೆಂದಲ್ಲ, ಬಂದಿತು. ನಿಯಂತ್ರಣ ಮಂಡಲಿಯ ಅಧ್ಯಕ್ಷ ಕ್ಯಾಸಲರೇನೇ 1804ರಲ್ಲಿ ವಸಯಿಯ ಒಪ್ಪಂದವು ಸರಿಯೇ ಎಂದು ಸಂಶಯ ತೆಗೆದನು. ಆರ್ಥರ್ ವೆಲ್ಲೆಸ್ಲಿ ಉತ್ತರ ಬರೆದನು. ಯುದ್ಧಗಳ ಸಾಲವನ್ನು ಕಂಡು ಬೆದರಿದ ಕಂಪನಿಯ ಡೈರೆಕ್ಟರರು ಅಣ್ಣನನ್ನು 1805ರಲ್ಲಿ ಮರಳಿ ಕರೆಸಿಕೊಂಡರು. ಆದರೆ ಗೆದ್ದ ನಾಡಿನ ಬಹುಪಾಲನ್ನು ಮರಳಿ ಕೊಡಲಿಲ್ಲ. ತಪ್ಪನ್ನು ವಿಚಾರಿಸಿದರು, ಫಲವನ್ನು ಇಟ್ಟುಕೊಂಡರು. ಆ ವಿಚಾರಣೆಯೆಲ್ಲ ತಮ್ಮ ಬೊಕ್ಕಸದ ಬಗೆಗೆ. ಡಂಬಳ, ಗದಗಗಳ ಬಗೆಗೆ ಯಾರು ಕೇಳಬೇಕು?

ಕೇಳಿದವನು ಒಬ್ಬನಿದ್ದ. ಅವನೂ ಇಂಗ್ಲಿಷರವನೇ, ಸ್ಕಾಟ್‌ಲೆಂಡಿನ ಮನ್ರೋ. 1817ರ ಜೂನ್ 13ರ ಪುಣೆಯ ಒಪ್ಪಂದದಲ್ಲಿ ಪೇಶವೆಯು 5,000 ಕುದುರೆ, 3,000 ಕಾಲಾಳುಗಳ ಖರ್ಚಿಗೆಂದು 34 ಲಕ್ಷದ ಸೀಮೆಯನ್ನು ಕೊಡಬೇಕಾಯಿತು. ಧಾರವಾಡ, ಕುಸುಗಲ್ಲುಗಳೂ ಅದರಲ್ಲಿ ಬಂದವು. ಅವುಗಳ ಅಧಿಕಾರ ವಹಿಸಿಕೊಳ್ಳಲು ಬಂದವನು ಮನ್ರೋ. ಅದೇ ವರ್ಷದ ಆಗಸ್ಟ್ 12ರಂದು ಅವನು ಗವರ್ನರ್ ಜನರಲನಿಗೆ ಪತ್ರ ಬರೆದನು. ನೆರವಿನ ದಂಡು ಇರುವ ನಾಡಿನಲ್ಲೆಲ್ಲ ಆಡಳಿತವು ದುರ್ಬಲವೂ ಪ್ರಜಾಪೀಡಕವೂ ಆಗುತ್ತದೆ. ದೊರೆಯು ಪರರ ದಂಡನ್ನು ನಂಬಿ ಮೈಗಳ್ಳನಾಗುತ್ತಾನೆ, ಪ್ರಜೆಗಳ ದ್ವೇಷಕ್ಕೆ ಹೆದರಬೇಕಾದ ಕಾರಣವಿಲ್ಲದೆ ಕ್ರೂರನಾಗುತ್ತಾನೆ. ಕೆಟ್ಟ ದೊರೆಯನ್ನು ಪ್ರಜೆಗಳೇ ತೆಗೆದುಹಾಕುವ ಹಳೆಯ ದಾರಿಯನ್ನು ನಾವು ಮುಚ್ಚಿಬಿಟ್ಟಿದ್ದೇವೆ ಎಂಬುದು ಆ ಪತ್ರದ ಸಾರ. ನೆರವಿನ ಲೆಕ್ಕವನ್ನು ಹಣದಲ್ಲಿ ನೋಡದೆ, ಪಡೆದ ನಾಡಿನ ಜನರ ಬಾಳಿನಲ್ಲಿ ನೋಡಿದ ಇಂಥ ಪರಿಶೀಲನೆಯನ್ನು ಅಂದಿನ ಯಾವ ಮಂಡಲಿಯೂ ಮಾಡಿರಲಿಲ್ಲ. ಹೊರಗಿನವನೇ ಆದರೂ ಮನ್ರೋ ಕಂದಾಯದ ಕೆಲಸದಲ್ಲಿ ಹಳ್ಳಿ ಹಳ್ಳಿ ತಿರುಗಿ ಒಕ್ಕಲಿಗನ ಮಾತು ಕೇಳಿದವನು.

ಹೀಗೆ ಬರೆದವನು ಮೂರು ತಿಂಗಳು ಕಳೆಯುವುದರೊಳಗೆ ಖಡ್ಗ ಹಿಡಿದನು. ನವೆಂಬರದಲ್ಲಿ ಪೇಶವೆಯು ಇಂಗ್ಲಿಷರ ಮೇಲೆ ತಿರುಗಿ ಬಿದ್ದನು. ಮನ್ರೋನ ಹತ್ತಿರ ಧಾರವಾಡದಲ್ಲಿ ದಂಡು ಬಹಳ ಕಡಿಮೆ. ಅವನು ಊರೂರಿಗೆ ಅಮಲದಾರರನ್ನು ನೇಮಿಸಿ, ಈ ನಾಡಿನವರೇ ಆದ ಬಿಲ್ಲೆಯ ಜವಾನರನ್ನು ಕೂಡಿಸಿ ಹಳ್ಳಿಗಳನ್ನು ವಶಪಡಿಸಿಕೊಳ್ಳತೊಡಗಿದನು. ನವಲಗುಂದದಲ್ಲಿ ಗೋಖಲೆಯ ಕಡೆಯವರು ಸೋತರು. 1818ರ ಜನವರಿಯಲ್ಲಿ ಗದಗ, ಅದರ ಹಿಂದೆಯೇ ಡಂಬಳ, ಆಮೇಲೆ ಹುಬ್ಬಳ್ಳಿ ಅವನ ಕೈಸೇರಿದವು. 1800ರಲ್ಲಿ ಪೇಶವೆಗಾಗಿ ಬಿಡಿಸಿಕೊಟ್ಟ ಕೋಟೆಗಳನ್ನು 18 ವರ್ಷಗಳ ಮೇಲೆ ಅದೇ ಕಂಪನಿಯು ಪೇಶವೆಯಿಂದ ಕಿತ್ತುಕೊಂಡಿತು. ನೆರವಿನ ವ್ಯವಸ್ಥೆಯೇ ತಪ್ಪೆಂದು ಬರೆದ ಕೈಯೇ ಅದರ ಕೊನೆಯ ಕಂತನ್ನು ವಸೂಲು ಮಾಡಿತು. ಮನ್ರೋನನ್ನು ಇದಕ್ಕಾಗಿ ಕಪಟಿಯೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅವನು ಕಂಡದ್ದು ನಿಜ, ಕೈಕೊಂಡದ್ದು ನೌಕರಿ.

ಅತ್ತ ಬಾಪೂ ಗೋಖಲೆ, 1800ರಲ್ಲಿ ವೆಲ್ಲೆಸ್ಲಿಯ ಪಕ್ಕದಲ್ಲಿ ಕುದುರೆ ಓಡಿಸಿದ್ದವನು, ಈಗ ಪೇಶವೆಯ ಸೇನಾಪತಿಯಾಗಿ ಅದೇ ಇಂಗ್ಲಿಷರೊಡನೆ ಕಾದಾಡುತ್ತ 1818ರ ಫೆಬ್ರುವರಿ 20ರಂದು ಪಂಢರಪುರದ ಬಳಿಯ ಅಷ್ಟಿಯಲ್ಲಿ ಸತ್ತನು. ಪೇಶವಾಯಿ ಮುಗಿಯಿತು.

ಉಳಿದವನು ಚಿಂತಾಮಣರಾವ್ ಪಟವರ್ಧನ. ಗದಗ, ಡಂಬಳಗಳು ಕಂಪನಿಯ ಧಾರವಾಡ ಸೀಮೆಗೆ ಸೇರಿದರೂ ಲಕ್ಷ್ಮೇಶ್ವರವು ಮಿರಜಿನ ಪಟವರ್ಧನರಲ್ಲಿ, ಶಿರಹಟ್ಟಿಯು ಚಿಂತಾಮಣರಾಯನ ಸಾಂಗಲಿಯಲ್ಲಿ ಉಳಿದವು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ ಹಾಗೆಯೇ ಇದ್ದವು. ಗದಗದಿಂದ ಬೆಳಿಗ್ಗೆ ಹೊರಟು ಶಿರಹಟ್ಟಿ, ಲಕ್ಷ್ಮೇಶ್ವರಗಳನ್ನು ಕಂಡು ಬರುವವನು ಒಂದೇ ದಿನದಲ್ಲಿ ಮೂರು ಸರಕಾರಗಳನ್ನು ನೋಡಿ ಬರುತ್ತಿದ್ದನು. 1819ರಲ್ಲಿ ಕಂಪನಿಯು ಪಟವರ್ಧನರೊಡನೆ ಹೊಸ ಕರಾರು ಮಾಡಿಕೊಂಡಿತು. ಹಿಂದೆ ಪೇಶವೆಗೆ ಒದಗಿಸುತ್ತಿದ್ದಂತೆ ಇನ್ನು ನಮಗೆ ಕುದುರೆಗಳನ್ನು ಒದಗಿಸಬೇಕೆಂದು ಕೇಳಿತು. ಈಗ ನೆರವು ಕೊಡುವ ಸರದಿ ಪಟವರ್ಧನರದು. ಉಳಿದ ಕೆಲವರು ಒಪ್ಪಿದರು. ಚಿಂತಾಮಣರಾಯನು ಒಪ್ಪಲಿಲ್ಲ. ಪರರ ಅಪ್ಪಣೆಯಂತೆ ತನ್ನ ಸವಾರರನ್ನು ಕಳಿಸುವ ಬದಲು, ವರ್ಷಕ್ಕೆ 1,35,000 ರೂಪಾಯಿ ಹುಟ್ಟುವಳಿಯ ಹಳ್ಳಿಗಳನ್ನೇ ಬಿಟ್ಟುಕೊಟ್ಟು ಆ ಕಲಮನ್ನು ಕರಾರಿನಿಂದ ತೆಗೆಸಿಹಾಕಿದನು.